ಕುಶಾಲನಗರದಲ್ಲಿ ನೆಕ್ಕರೆ ಗಿಡ ಬರುತ್ತಾ? ಚಿಗುರೆಲ್ಲಾ ಹಳದಿ ಆಗ್ತಿದೆ

ಹಾರಂಗಿ ದಡ:

ಎಲ್ರಿಗೂ ನಮಸ್ಕಾರ. ನೆಕ್ಕರೆ ಗಿಡ ಗೊತ್ತಲ್ವಾ, ಕೆಂಪು ಮಣ್ಣಿನ ದರೆ (ಗುಡ್ಡ ಕಡಿದ ಅಂಚು) ಮೇಲೆ ನೇರಳೆ ಬಣ್ಣದಲ್ಲಿ ಐದು ಎಸಳಿನ ಹೂ ಬಿಡುತ್ತಲ್ಲ, ಹಣ್ಣು ತಿಂದ್ರೆ ನಾಲಿಗೆ ಎಲ್ಲಾ ಶಾಯಿ ಕುಡಿದ ಹಾಗೆ ಆಗುತ್ತಲ್ಲ, ಅದೇ. ಕೆಲವರು ನೆಕ್ಕರಿಕೆ ಅಂತಾರೆ. ನನ್ನ ತವರು ಭಾಗಮಂಡಲದ ಹತ್ರ, ಅಲ್ಲಿ ಇದನ್ನ ಯಾರೂ ನೆಡೋದಿಲ್ಲ, ತೋಟದ ಬೇಲಿ ಸಾಲಲ್ಲಿ ಕತ್ತಿಲಿ ಸವರಿ ಬಿಸಾಡ್ತಾರೆ, ಮುಂದಿನ ಮಳೆಗೆ ಮತ್ತೆ ಎದ್ದಿರುತ್ತೆ.

ಈಗ ಕುಶಾಲನಗರದಲ್ಲಿದ್ದೀವಿ, ಗೇಟ್ ಪಕ್ಕ ಕಾಂಪೌಂಡ್ ಗೋಡೆಗೆ ತಾಗಿ ಒಂದು ಪಾತಿ ಇದೆ, ಎಲ್ಲರ ಮನೇಲೂ ಇರೋ ಅದೇ ಕ್ರೋಟನ್ನು ಕಾಗದದ ಹೂವು ಬೇಡ, ನಮ್ಮ ಊರಿಂದೇ ಒಂದು ಹೂಗಿಡ ಇರ್ಲಿ ಅಂತ ಅಣ್ಣನ ಹತ್ರ ಹೇಳಿ ನಮ್ಮ ಬಾಣೆಯಿಂದ (ಗದ್ದೆಗೆ ಸೇರಿದ ಗುಡ್ಡದ ಜಾಗ) ಎರಡು ಸಣ್ಣ ಗಿಡ ಬುಡದ ಮಣ್ಣು ಸಮೇತ ತರಿಸಿದೆ. ಮೊದಲು ಚೆನ್ನಾಗೇ ಚಿಗುರಿತು. ಆಮೇಲೆ ಬಂದ ಹೊಸ ಎಲೆ ಎಲ್ಲಾ ಹಳದಿ, ನರ ಮಾತ್ರ ಹಸಿರು ಗೆರೆ ಎಳೆದ ಹಾಗೆ ಎದ್ದು ಕಾಣ್ತಿದೆ, ತುದಿ ಕಂದು ಬಣ್ಣಕ್ಕೆ ತಿರುಗ್ತಿದೆ. ಕೆಳಗಿನ ಹಳೆ ಎಲೆಗೆ ಏನೂ ಆಗಿಲ್ಲ. ಹುಳ ಇಲ್ಲ. ಬೋರ್ ನೀರು ದಿನಾ ಹಾಕ್ತೀವಿ, ಕೊಟ್ಟಿಗೆ ಗೊಬ್ಬರ ಹಾಕಿದೀವಿ, ಅತ್ತೆ ಗುಲಾಬಿಗೆ ಹಾಕೋ ಹಾಗೆ ಒಲೆ ಬೂದಿನೂ ಹಾಕ್ತಾರೆ. ಇನ್ನೇನು ಕೊಡ್ಬೇಕು?

ಇನ್ನೊಂದು, ಇಲ್ಲಿ ಒಂದು ನರ್ಸರಿಲಿ ಕೇಳಿದ್ದಕ್ಕೆ "ಹೈಬ್ರಿಡ್ ನೆಕ್ಕರೆ ಇದೆ ಮೇಡಂ, ಅದು ಎಲ್ಲಾ ಕಡೆ ಬರುತ್ತೆ" ಅಂದ್ರು. ಹೂವು ಕಡು ನೇರಳೆ, ಸ್ವಲ್ಪ ನೀಲಿ ಹೊಡೆಯುತ್ತೆ, ಎಲೆ ಮುಟ್ಟಿದ್ರೆ ಮಖಮಲ್ ತರ ಮೆತ್ತಗಿದೆ. ತಗೊಳ್ಲಾ?

ಪೆಪ್ಪರ್ ಬಳ್ಳಿ:

ಅಕ್ಕ, ದರೆ ಬದಿ ಗಿಡಕ್ಕೆ ಇಷ್ಟೊಂದು ತಲೆಬಿಸಿನಾ 😄 ನಾವಿಲ್ಲಿ ಅದನ್ನ ಕಡಿಸೋಕೆ ಆಳಿಗೆ ಸಂಬಳ ಕೊಡ್ತಿದ್ದೀವಿ, ಬನ್ನಿ ಜೀಪ್ ತುಂಬ ಕೊಡ್ತೀನಿ.

ಹಳೇ ತೋಟಗಾರ:

ಮೇಲಿನವರ ಮಾತು ತಮಾಷೆ, ಆದ್ರೆ ಅದರಲ್ಲೇ ಉತ್ತರ ಇದೆಯಮ್ಮ. ಯಾರೂ ಏನೂ ಕೊಡದ ಜಾಗದಲ್ಲಿ ಅದು ಕಡಿದಷ್ಟೂ ಬರುತ್ತೆ, ನೀವು ಎಲ್ಲಾ ಕೊಟ್ಟಿರೋ ಜಾಗದಲ್ಲಿ ಸೊರಗ್ತಿದೆ.

ಹೊಸ ಎಲೆ ಹಳದಿ, ನರ ಹಸಿರು, ಹಳೆ ಎಲೆ ಸರಿ ಇದೆ ಅಂದ್ರೆ ಅದು ಕಬ್ಬಿಣದ ಕೊರತೆ. ಸಾರಜನಕ ಕಮ್ಮಿ ಆಗಿದ್ರೆ ಹಳೆ ಎಲೆ ಮೊದಲು ಹಳದಿ ಆಗ್ತಿತ್ತು, ಅದನ್ನ ನೋಡಿ ಯೂರಿಯಾ ಗೀರಿಯಾ ಹಾಕೋಕೆ ಹೋಗ್ಬೇಡಿ. ಹಾಗಂತ ನಿಮ್ಮ ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಇದೆ, ಸುಣ್ಣ ಜಾಸ್ತಿ ಆಗಿ ಅದು ಗಿಡಕ್ಕೆ ಸಿಗ್ತಿಲ್ಲ. ನೆಕ್ಕರೆ ಹುಳಿ ಮಣ್ಣಿನ ಗಿಡ, ಪಿಎಚ್ (ಮಣ್ಣಿನ ಹುಳಿಯ ಅಳತೆ, ಅಂಕಿ ಕಮ್ಮಿ ಆದಷ್ಟೂ ಹುಳಿ ಜಾಸ್ತಿ) 5ರ ಆಸುಪಾಸು ಇದ್ರೆ ಅದಕ್ಕೆ ಹಬ್ಬ. ಭಾಗಮಂಡಲ ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಹೊಡೆದು ಮಣ್ಣಲ್ಲಿರೋ ಸುಣ್ಣದ ಅಂಶ ಎಲ್ಲಾ ತೊಳೆದು ಹೊಳೆಗೆ ಹೋಗಿರುತ್ತೆ, ಅದಕ್ಕೇ ಅಲ್ಲಿ ಮಣ್ಣು ಹುಳಿ. ಕುಶಾಲನಗರಕ್ಕೆ ಇಳಿಯೋಷ್ಟರಲ್ಲಿ ಮಳೆ ಎಷ್ಟೋ ಪಾಲು ಕಮ್ಮಿ, ಬೋರ್ ನೀರು ಗಡಸು, ಬಕೆಟ್ ಅಂಚಲ್ಲಿ ಬಿಳಿ ಕಲೆ ಕಟ್ಟುತ್ತಲ್ಲ ಅದೇ ದಿನಾ ಬುಡಕ್ಕೆ ಹೋಗ್ತಿದೆ. ಅದರ ಮೇಲೆ ಸಿಮೆಂಟ್ ಗೋಡೆ, ಮನೆ ಕಟ್ಟುವಾಗ ಬಿದ್ದ ಗಾರೆ ಚೂರು ಆ ಪಾತಿಲಿ ಖಂಡಿತ ಇರುತ್ತೆ, ಒಂದಡಿ ಅಗೆದು ನೋಡಿ. ಅದರ ಮೇಲೆ ಬೂದಿ. ಬೂದಿ ಅಂದ್ರೆ ಅರ್ಧ ಸುಣ್ಣ ಇದ್ದ ಹಾಗೆ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ, ಗುಲಾಬಿಗೆ ಒಂದು ಹಿಡಿ ಪರವಾಗಿಲ್ಲ, ಇದಕ್ಕೆ ಮಾತ್ರ ಬೇಡ.

ಕಾಫಿ ಬೆಳೆಯೋರಿಗೆ ಇದು ಗೊತ್ತಿರೋ ವಿಷಯವೇ. ಕಾಫಿಗೆ ಮಣ್ಣು 6ರಿಂದ 6.5ರ ಒಳಗಿರ್ಬೇಕು ಅಂತ ನಾವು ಮಣ್ಣು ಪರೀಕ್ಷೆ ಮಾಡ್ಸಿ ಕೃಷಿ ಸುಣ್ಣ ಎರಚ್ತೀವಿ, ಸುಣ್ಣ ಬಿದ್ದ ತೋಟದ ಒಳಗಿಂತ ಬೀಳದ ದರೆಲೇ ನೆಕ್ಕರೆ ದಟ್ಟ. ನಾನು ಹೊಸ ಜಾಗ ನೋಡೋಕೆ ಹೋದಾಗ ನೆಕ್ಕರೆ ಒತ್ತಾಗಿದ್ರೆ, ಇಲ್ಲಿ ಸುಣ್ಣದ ಖರ್ಚು ಇದೆ ಅಂತ ಮನಸ್ಸಲ್ಲೇ ಲೆಕ್ಕ ಹಾಕ್ತೀನಿ.

ಈಗ ಮಾಡ್ಬೇಕಾದ್ದು: ಬೂದಿ ನಿಲ್ಸಿ, ಗೊಬ್ಬರ ನಿಲ್ಸಿ. ಅಂಗಡಿಲಿ ಅನ್ನಭೇದಿ ಸಿಗುತ್ತೆ, ಫೆರಸ್ ಸಲ್ಫೇಟ್ ಅಂತ ಕೇಳಿ, ಲೀಟರಿಗೆ 5 ಗ್ರಾಂ ಹಾಕಿ ಎರಡು ಹನಿ ನಿಂಬೆಹುಳಿ ಹಿಂಡಿ ಸಾಯಂಕಾಲ ಎಲೆಗೆ ಸಿಂಪಡಿಸಿ. ಗೋಡೆಗೆ, ಟೈಲ್ಸಿಗೆ ಬಿದ್ರೆ ತುಕ್ಕು ಕಲೆ ಹೋಗಲ್ಲ, ಹುಷಾರು. ಇದರಿಂದ ಚಿಗುರು ಹಸಿರಾಗುತ್ತೆ ಅಷ್ಟೇ, ಬೇರಿನ ತೊಂದರೆ ಹಾಗೇ ಇರುತ್ತೆ. ಖಾಯಂ ಪರಿಹಾರ ಅಂದ್ರೆ ಜಾಗ ಬದಲಾಯ್ಸೋದು.

ಮೇಷ್ಟ್ರು ಸೋಮವಾರಪೇಟೆ:

ನರ್ಸರಿಯವರು ತೋರಿಸಿದ್ದು ನೆಕ್ಕರೆ ಅಲ್ಲ, ಹೈಬ್ರಿಡ್ಡೂ ಅಲ್ಲ. ಅದು ಟಿಬುಚಿನಾ, ಬ್ರೆಜಿಲ್ ಕಡೆಯದು, ಮಡಿಕೇರಿಲಿ ಹಳೆ ಬಂಗಲೆಗಳ ಮುಂದೆ ತುಂಬಾ ಇದೆ. ಎರಡೂ ಒಂದೇ ಕುಟುಂಬದವು, ಅದಕ್ಕೇ ಎಲೆಲಿ ಬುಡದಿಂದ ತುದಿ ತನಕ ಉದ್ದುದ್ದ ನರ ಓಡೋದು ಎರಡರಲ್ಲೂ ಒಂದೇ ತರ. ವ್ಯತ್ಯಾಸ ನೋಡ್ಬೇಕಾದ್ರೆ ಹೂವಿನ ನಡುವಿನ ಕೇಸರ ನೋಡಿ. ಟಿಬುಚಿನಾದಲ್ಲಿ ಎಲ್ಲವೂ ನೇರಳೆ, ಜೇಡನ ಕಾಲಿನ ಹಾಗೆ ಬಾಗಿರುತ್ತೆ. ನೆಕ್ಕರೆಲಿ ಹತ್ತು ಕೇಸರ, ಅದರಲ್ಲಿ ಐದು ಉದ್ದ, ನೇರಳೆ, ಕುಡುಗೋಲಿನ ಹಾಗೆ ಬಾಗಿದ್ದು, ಉಳಿದ ಐದು ಗಿಡ್ಡ, ಎದ್ದು ಕಾಣೋ ಹಳದಿ. ಎಲೆ ಮುಟ್ಟಿದ್ರೆ ಒರಟು, ಮಖಮಲ್ ಅಲ್ಲ. ಆಮೇಲೆ ಟಿಬುಚಿನಾಗೆ ತಿನ್ನೋ ಹಣ್ಣು ಬಿಡಲ್ಲ, ಒಣ ಕಾಯಿ ಅಷ್ಟೇ, ಹಕ್ಕಿಗೆ ಅದರಿಂದ ಏನೂ ಇಲ್ಲ.

ಆ ಎರಡು ತರದ ಕೇಸರದ ಕೆಲಸ ಒಂದ್ಸಲ ಬೆಳಿಗ್ಗೆ ಹೊತ್ತು ಗಿಡದ ಹತ್ರ ನಿಂತು ನೋಡ್ಬೇಕು ನೀವು. ನೆಕ್ಕರೆ ಹೂವಲ್ಲಿ ಮಕರಂದ ಒಂದು ಹನಿನೂ ಇಲ್ಲ, ಬರೋರಿಗೆ ಪರಾಗ ಮಾತ್ರ. ಅದೂ ಬೇರೆ ಹೂವಿನ ಹಾಗೆ ಮೇಲೇ ಉದುರಿಕೊಂಡಿರಲ್ಲ, ಕೇಸರದ ತುದಿಲಿ ಸೂಜಿ ಮೊನೆಯಷ್ಟು ತೂತು, ಒಳಗೆ ಪುಡಿ. ಮನೆ ತೊಲೆ ಕೊರೆಯೋ ದಪ್ಪ ಕಪ್ಪು ದುಂಬಿ ಇದೆಯಲ್ಲ, ಅದು ಬಂದು ಹಳದಿ ಕೇಸರ ತಬ್ಬಿಕೊಂಡು ರೆಕ್ಕೆ ಅಲ್ಲಾಡಿಸದೇ ಮೈ ಮಾತ್ರ ಅದುರಿಸುತ್ತೆ, ಹಾರುವಾಗಿನ ಸದ್ದಿಗಿಂತ ಚೂಪಾಗಿ ಝೀಂ ಅಂತ ಒಂದು ಕ್ಷಣ ಕೇಳುತ್ತೆ, ನಿಂತ್ಕೊಳ್ಳುತ್ತೆ, ಮತ್ತೆ ಝೀಂ. ಆ ಅದುರಿಗೆ ಪುಡಿ ಚಿಮ್ಮುತ್ತೆ. ಅದು ತಿನ್ನೋಕೆ ಹಿಡಿದದ್ದು ಹಳದಿದು, ಅದೇ ಹೊತ್ತಿಗೆ ಉದ್ದ ನೇರಳೆ ಕೇಸರ ದೇಹದ ಕೆಳಗಿಂದ ಬಾಗಿ ಬಂದು ಅದಕ್ಕೆ ಕಾಣದ ಜಾಗದಲ್ಲಿ ಪರಾಗ ಬಳಿಯುತ್ತೆ, ಮುಂದಿನ ಹೂವಿಗೆ ಹೋಗೋದು ಅದು. ನಮ್ಮ ತುಡುವೆ ಜೇನಿಗೆ ಈ ವಿದ್ಯೆ ಬರಲ್ಲ, ದುಂಬಿ ಹೋದ ಮೇಲೆ ಎಸಳ ಮೇಲೆ ಬಿದ್ದಿದ್ದನ್ನ ಬಳ್ಕೊಂಡು ಹೋಗುತ್ತೆ. ಹೂವಿನ ಆಯಸ್ಸು ಒಂದೇ ದಿನ, ಆದ್ರೆ ಗೊಂಚಲಲ್ಲಿ ಮೊಗ್ಗು ಸಾಲಾಗಿ ಕಾದಿರೋದ್ರಿಂದ ಗಿಡ ಖಾಲಿ ಕಾಣಲ್ಲ.

ತೋಟಗಾರರು ಹುಳಿ ಮಣ್ಣು ಅಂದ್ರಲ್ಲ, ಅದಕ್ಕೊಂದು ಸೇರಿಸ್ತೀನಿ. ಹುಳಿ ಜಾಸ್ತಿ ಆದಾಗ ಮಣ್ಣಲ್ಲಿರೋ ಅಲ್ಯೂಮಿನಿಯಂ ಕರಗಿ ಬೇರಿಗೆ ತಾಗುತ್ತೆ, ಬಹಳಷ್ಟು ಬೆಳೆಗಳ ಬೇರು ಅದಕ್ಕೇ ಮೊಂಡಾಗೋದು. ನೆಕ್ಕರೆ ಅದನ್ನ ಹೀರಿ ಎಲೆಲಿ ತುಂಬಿಕೊಳ್ಳುತ್ತೆ, ಅದರಿಂದ ಬೆಳವಣಿಗೆ ಚುರುಕಾಗುತ್ತೆ ಕೂಡ. ಚಹಾ ಗಿಡದ್ದೂ ಇದೇ ಸ್ವಭಾವ. ನಿಮ್ಮ ಮನೆ ಹತ್ರ ಯಾರಾದ್ರೂ ಹೈಡ್ರಾಂಜಿಯ ಹೂಗಿಡ ಹಾಕಿದ್ರೆ ಬಣ್ಣ ನೋಡಿ, ಹುಳಿ ಮಣ್ಣಲ್ಲಿ ಅದು ನೀಲಿ, ಹುಳಿ ಇಲ್ಲದಲ್ಲಿ ಗುಲಾಬಿ, ಮಡಿಕೇರಿಲಿ ನೀಲಿ ಬಿಡೋ ಗಿಡವೇ ನಿಮ್ಮಲ್ಲಿ ಗುಲಾಬಿ ಬಿಟ್ರೆ ಮಣ್ಣು ಪರೀಕ್ಷೆಗೆ ಮೊದಲೇ ಅರ್ಧ ಉತ್ತರ ಸಿಕ್ಕಿತು.

ಹಾರಂಗಿ ದಡ:

ಅಯ್ಯೋ ಪಕ್ಕದ ಮನೆಯವರ ಹೈಡ್ರಾಂಜಿಯ ಪೂರ್ತಿ ಗುಲಾಬಿ ಸರ್! ಅವರೂ ಮಡಿಕೇರಿಯಿಂದಲೇ ತಂದಿದ್ದು, ಬಣ್ಣ ಕೆಟ್ಟೋಯ್ತು ಅಂತ ಬೈಕೊಳ್ತಿದ್ರು. ಈಗ ಅರ್ಥ ಆಯ್ತು.

ಪಾತಿ ಅಗೆದೆ. ಗಾರೆ, ಇಟ್ಟಿಗೆ ಚೂರು ಎಲ್ಲಾ ಇದೆ ಅಂಕಲ್, ನೀವು ಹೇಳಿದ ಹಾಗೇ. ಹಾಗಾದ್ರೆ ಗೋಡೆ ಪಕ್ಕ ಆಸೆ ಬಿಡ್ತೀನಿ. ಕುಂಡದಲ್ಲಿ ಆಗುತ್ತಾ ಅಥವಾ ಗಂಧಕ ಹಾಕಿ ಮಣ್ಣು ಹುಳಿ ಮಾಡ್ಬೋದಾ? ಯೂಟ್ಯೂಬಲ್ಲಿ ಒಬ್ರು ವಿನೆಗರ್ ಹಾಕಿ ಅಂತಿದ್ರು. ಮತ್ತೆ ಅಣ್ಣನಿಗೆ ಪದೇ ಪದೇ ಕಿತ್ತು ತಾ ಅನ್ನೋಕೆ ಆಗಲ್ಲ, ಕಡ್ಡಿ ನೆಟ್ರೆ ಬರುತ್ತಾ, ಬೀಜ ಹಾಕ್ಬೇಕಾ?

ಹಳೇ ತೋಟಗಾರ:

ವಿನೆಗರ್ ಉಪ್ಪಿನಕಾಯಿಗೆ ಇಟ್ಕೊಳ್ಳಿ. ಒಂದು ವಾರದಲ್ಲಿ ಅದರ ಹುಳಿ ಹೋಗುತ್ತೆ, ಜಾಸ್ತಿ ಆದ್ರೆ ಬೇರು ಸುಡುತ್ತೆ.

ಗಂಧಕ ಕೆಲಸ ಮಾಡುತ್ತೆ, ಆದ್ರೆ ಮಣ್ಣಲ್ಲಿರೋ ಸೂಕ್ಷ್ಮಜೀವಿ ಅದನ್ನ ಹುಳಿಯಾಗಿ ಮಾಡೋಕೆ ತಿಂಗಳುಗಟ್ಟಲೆ ಬೇಕು, ಇತ್ತ ನೀವು ಗಡಸು ನೀರು ಹಾಕ್ತಾ ಇದ್ರೆ ಅತ್ತ ಅದು ಮಾಡಿದ್ದೆಲ್ಲಾ ಇದು ಅಳಿಸುತ್ತೆ. ಅದಕ್ಕೆ ನನ್ನ ಮಾತು ಕೇಳಿದ್ರೆ ದೊಡ್ಡ ಕುಂಡ, ಹದಿನೆಂಟು ಇಂಚಿಗೆ ಕಮ್ಮಿ ಬೇಡ, ಸಿಮೆಂಟ್ ಕುಂಡ ಬೇಡವೇ ಬೇಡ, ಹೊಸ ಸಿಮೆಂಟಿಂದ ಸುಣ್ಣ ಬಿಡ್ತಾನೇ ಇರುತ್ತೆ. ಪ್ಲಾಸ್ಟಿಕ್ ಡ್ರಮ್ಮು ಅರ್ಧ ಕತ್ತರಿಸಿ ಕೆಳಗೆ ತೂತು ಮಾಡಿದ್ರೂ ಸಾಕು. ಮಣ್ಣು ತವರಿಂದಲೇ ತರ್ಸಿ, ದರೆ ಕಡಿದಲ್ಲಿ ಸಿಗೋ ಕೆಂಪು ಮಣ್ಣು ಮುಕ್ಕಾಲು, ಕಾಡುಮರದ ಕೆಳಗಿನ ಕೊಳೆತ ತರಗೆಲೆ ಕಾಲು. ಗೊಬ್ಬರ ಸೇರಿಸ್ಬೇಡಿ. ಮೇಲೆ ತರಗೆಲೆ ಮುಚ್ಚಿಗೆ. ನೀರು ಮಳೆಗಾಲದಲ್ಲಿ ತಾರಸಿಯಿಂದ ಡ್ರಮ್ಮಿಗೆ ಹಿಡಿದಿಟ್ಕೊಳ್ಳಿ, ಬೇಸಿಗೆಗೆ ಅದು ಮುಗಿದ್ರೆ ಬೋರ್ ನೀರು ಹಾಕ್ಬೇಕಾಗುತ್ತೆ, ಗಿಡ ಸಾಯಲ್ಲ, ಮುಂದಿನ ಮಳೆಗೆ ಮಣ್ಣು ತೊಳೆದು ಸರಿಹೋಗುತ್ತೆ.

ಬಿಸಿಲು ಪೂರ್ತಿ ಬೇಕು. ಕಾಡಿನ ಗಿಡ ಅಂತ ನೆರಳಲ್ಲಿ ಇಡ್ತಾರೆ ಕೆಲವರು, ಉದ್ದಕ್ಕೆ ಜೋಲು ಬೀಳುತ್ತೆ, ಹೂ ಕಮ್ಮಿ. ನಮ್ಮಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಸೋದು) ಮಾಡಿದ ವರ್ಷ ತೋಟದ ಅಂಚಿನ ನೆಕ್ಕರೆ ಹೂ ಬಿಡೋ ಚಂದ ನೋಡಿದ್ರೆ ಗೊತ್ತಾಗುತ್ತೆ ಅದಕ್ಕೆ ಬೆಳಕು ಎಷ್ಟು ಇಷ್ಟ ಅಂತ.

ಕಡ್ಡಿ ಬರುತ್ತೆ. ಜೂನ್ ಜುಲೈ ಮಳೆ ಹಿಡಿದಾಗ ಮಾಡಿ. ತೀರಾ ಎಳೆ ಚಿಗುರು ಕೊಳೆಯುತ್ತೆ, ಬಲಿತು ಮರ ಆದದ್ದು ಬೇರು ಬಿಡಲ್ಲ, ನಡುವಿನದ್ದು ಬೇಕು: ಬೆರಳಲ್ಲಿ ಬಾಗಿಸಿದ್ರೆ ಬಾಗ್ಬೇಕು, ಇನ್ನೂ ಬಾಗಿಸಿದ್ರೆ ಟಕ್ ಅಂತ ಮುರೀಬೇಕು. ಗೇಣು ಉದ್ದ ಬೇಡ, ಬೆರಳುದ್ದ ಸಾಕು, ಮೂರು ಗೆಣ್ಣು ಇರ್ಲಿ. ಹೂವು ಮೊಗ್ಗು ಇದ್ರೆ ಚಿವುಟಿ. ಕೆಳಗಿನ ಗೆಣ್ಣಿನ ಎಲೆ ತೆಗೆದು, ಮೇಲಿನ ಜೋಡಿ ಎಲೆ ಅರ್ಧ ಅರ್ಧ ಕತ್ತರಿಸಿ, ಗೆಣ್ಣಿನ ಸ್ವಲ್ಪ ಕೆಳಗೆ ಬ್ಲೇಡಲ್ಲಿ ಓರೆ ಕೊಯ್ದು, ಬೇರಿನ ಹಾರ್ಮೋನ್ ಪುಡಿ ಇದ್ರೆ ಅದ್ದಿ, ಮರಳು ಮತ್ತು ತೆಂಗಿನ ನಾರಿನ ಪುಡಿ ಸಮ ಸಮ ತುಂಬಿದ ಬ್ಯಾಗಲ್ಲಿ ಊರಿ. ರೊಬಸ್ಟಾ ಕಾಫಿ ಕಡ್ಡಿ ಊರ್ತೀವಲ್ಲ ಹಾಗೇ, ಮೇಲೆ ಪ್ಲಾಸ್ಟಿಕ್ ಹೊದಿಸಿ ಒಳಗೆ ಬೆವರು ನಿಲ್ಲೋ ಹಾಗೆ ನೆರಳಲ್ಲಿಡಿ. ಒಂದೂವರೆ ಎರಡು ತಿಂಗಳಿಗೆ ಬೇರು ಬರುತ್ತೆ, ಅಲ್ಲಿ ತನಕ ಎಳೆದು ಎಳೆದು ನೋಡ್ಬೇಡಿ. ಎಲ್ಲಾ ಕಡ್ಡಿ ಬರಲ್ಲ, ಅದಕ್ಕೆ ಬೇಕಾದ್ದಕ್ಕಿಂತ ಎರಡರಷ್ಟು ಊರಿ. ಬೇರು ಬಂದ ಮೇಲೆ ಬ್ಯಾಗ್ ಬದಲಾಯಿಸುವಾಗ ಕಾಫಿ ನರ್ಸರಿ ಅಳತೆ ಇಲ್ಲಿಗೆ ತರ್ಬೇಡಿ, ಆರು ಪಾಲು ಕಾಡುಮಣ್ಣು ಎರಡು ಪಾಲು ಗೊಬ್ಬರ ಒಂದು ಪಾಲು ಮರಳು ಅಂತ ನಮಗೆಲ್ಲಾ ಬಾಯಿಪಾಠ, ಇದಕ್ಕೆ ಆ ಗೊಬ್ಬರದ ಎರಡು ಪಾಲು ಬಿಟ್ಟು ಬಿಡಿ.

ಸಂಪಾಜೆ ಘಾಟಿ:

ಬೀಜದಿಂದ ಮಾಡೋದು ನಾನು ಹೇಳ್ತೇನೆ ಅಕ್ಕ. ಹಣ್ಣು ತಾನಾಗೇ ಒಡೆದು ಒಳಗಿನ ಕಪ್ಪು ನೇರಳೆ ತಿರುಳು ಕಾಣ್ಬೇಕು, ಅದರಲ್ಲಿ ಚುಕ್ಕಿ ಚುಕ್ಕಿ ಇರೋದೇ ಬೀಜ, ರಾಗಿಗಿಂತಲೂ ಎಷ್ಟೋ ಸಣ್ಣ. ಟೀ ಸೋಸೋ ಜಾಲರಿಲಿ ನಿಲ್ಲಲ್ಲ, ಬಟ್ಟೆಲಿ ಹಾಕಿ ತೊಳೀಬೇಕು. ಒಣ ಮರಳಿಗೆ ಬೆರೆಸಿ ಒದ್ದೆ ಮಣ್ಣಿನ ಮೇಲೆ ಉದುರಿಸಿ, ಮಣ್ಣು ಮುಚ್ಚಬಾರದು, ಅದಕ್ಕೆ ಮೊಳೆಯೋಕೆ ಬೆಳಕು ಬೇಕು, ಮುಚ್ಚಿದ್ರೆ ಏಳಲ್ಲ. ನೀರು ಮೇಲಿಂದ ಹೊಯ್ದರೆ ಎಲ್ಲಾ ಕೊಚ್ಚಿ ಮೂಲೆಗೆ ಹೋಗುತ್ತೆ, ಟ್ರೇಯನ್ನ ನೀರಲ್ಲಿ ಇಟ್ಟು ಕೆಳಗಿಂದ ಕುಡಿಯೋಕೆ ಬಿಡಿ. ಸಸಿ ಶುರುವಲ್ಲಿ ಪಾಚಿಯ ಹಾಗೆ ಕಾಣುತ್ತೆ ಮಾರಾಯ್ರೆ, ಎಷ್ಟೋ ಜನ ಅದನ್ನ ಪಾಚಿ ಅಂತಲೇ ತಿಳ್ಕೊಂಡು ಚೆಲ್ತಾರೆ. ಹೂವು ಬೇಗ ಬೇಕು ಅಂದ್ರೆ ಕಡ್ಡಿನೇ ಒಳ್ಳೇದು.

ಹಣ್ಣು ನಾವು ಶಾಲೆಗೆ ಹೋಗುವಾಗ ತಿಂದು ಬಿಳಿ ಶರ್ಟಿಗೆ ಬಳ್ಕೊಂಡು ಅಮ್ಮನ ಹತ್ರ ಪೆಟ್ಟು ತಿಂದವರು. ರುಚಿ ಅಂತ ದೊಡ್ಡದೇನಿಲ್ಲ, ಸ್ವಲ್ಪ ಸಿಹಿ ಸ್ವಲ್ಪ ಒಗರು. ಆದ್ರೆ ಪಿಕಳಾರ, ಹೂಗುಬ್ಬಿ ಎಲ್ಲಾ ಸಾಲಾಗಿ ಬರ್ತವೆ. ನಮ್ಮಲ್ಲಿ ಹೊಸ ದರೆ ಕಡಿದು ಬರೀ ಕೆಂಪು ಮಣ್ಣು ಉಳಿದಲ್ಲಿ ಮೊದಲು ತಲೆ ಎತ್ತೋ ಪೊದೆಗಳಲ್ಲಿ ಇದೂ ಒಂದು, ಹಕ್ಕಿ ಹಿಕ್ಕೆಲಿ ಬಂದದ್ದು.

ಪೆಪ್ಪರ್ ಬಳ್ಳಿ:

ಅಷ್ಟು ಸುಲಭಕ್ಕೆ ಹರಡುತ್ತೆ ಅಂದ್ಮೇಲೆ ಲಂಟಾನಕ್ಕೂ ಇದಕ್ಕೂ ಏನು ವ್ಯತ್ಯಾಸ? ಕುಶಾಲನಗರ ತುಂಬ ಇದೇ ಆದ್ರೆ? ಮತ್ತೆ ನಮ್ಮ ಊರಿನ ಹೂವೇ ಬೇಕು ಅಂದ್ರೆ ಕುರಿಂಜಿ ಹಾಕ್ಬೋದಲ್ವಾ, 2022ರಲ್ಲಿ ಮಾಂದಲಪಟ್ಟಿ ಕೋಟೆಬೆಟ್ಟದಲ್ಲಿ ಹೂ ಬಿಟ್ಟಾಗ ಜನ ಎಷ್ಟು ಮುಗಿಬಿದ್ರು.

ಮೇಷ್ಟ್ರು ಸೋಮವಾರಪೇಟೆ:

ಒಳ್ಳೆ ಪ್ರಶ್ನೆ. ಲಂಟಾನ ಅಮೆರಿಕಾ ಖಂಡದ್ದು, ಇಲ್ಲಿಗೆ ಬಂದು ಕಾಡಿನ ಒಳಗೇ ನುಗ್ಗಿ ಬೇರೇನೂ ಏಳದ ಹಾಗೆ ಮಾಡಿದೆ. ನೆಕ್ಕರೆ ಇಲ್ಲಿಯದೇ, ಮರ ಬೆಳೆದು ನೆರಳು ಬಂತು ಅಂದ್ರೆ ತಾನಾಗೇ ಹಿಂದೆ ಸರಿಯುತ್ತೆ. ಅದೇ ನೆಕ್ಕರೆಯ ಸಂಬಂಧಿಗಳು ಹವಾಯಿ ದ್ವೀಪಕ್ಕೆ ಹೋಗಿ ಅಲ್ಲಿ ದೊಡ್ಡ ಕಳೆ ಆಗಿವೆ, ಹಾಗಾಗಿ ಗಿಡ ಒಳ್ಳೇದು ಕೆಟ್ಟದ್ದು ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ. ಕುಶಾಲನಗರ ತುಂಬ ಆಗೋ ಭಯ ಬೇಡ, ಒಂದು ಪಾತಿಲಿ ಬದುಕಿಸೋಕೇ ಇಷ್ಟು ಚರ್ಚೆ ನಡೀತಿದೆ.

ಕುರಿಂಜಿ ಮನೆ ಮುಂದೆ ಬೇಡ. ವರ್ಷಗಟ್ಟಲೆ ಬರೀ ಹಸಿರು ಪೊದೆ ನೋಡ್ಕೊಂಡು ಕೂತು, ಒಂದ್ಸಲ ಹೂ ಬಿಟ್ಟು ಬೀಜ ಕಟ್ಟಿ ಗಿಡ ಸಾಯುತ್ತೆ. ನೀಲಕುರಿಂಜಿಯ ಪ್ರಸಿದ್ಧ ಜಾತಿ 12 ವರ್ಷಕ್ಕೊಮ್ಮೆ, ಮುನ್ನಾರಲ್ಲಿ 2018ರಲ್ಲಿ ಬಿಟ್ಟದ್ದು ಇನ್ನು 2030ಕ್ಕೆ. ಅದಕ್ಕಿಂತ ಮುಖ್ಯ, ಬೆಟ್ಟದ ಹುಲ್ಲುಗಾವಲಿಂದ ಕಿತ್ತು ತರೋ ಯೋಚನೆನೇ ಬೇಡ. ನೆಕ್ಕರೆಗೂ ಇದೇ ಮಾತು, ಸ್ವಂತ ಬಾಣೆ, ಸ್ವಂತ ತೋಟದ ಬೇಲಿಯಿಂದ ಕಡ್ಡಿ ತಗೊಳ್ಳಿ. ಮೀಸಲು ಅರಣ್ಯ, ಬ್ರಹ್ಮಗಿರಿ ಪುಷ್ಪಗಿರಿ ಅಭಯಾರಣ್ಯದ ಒಳಗಿಂದ ಒಂದು ಕಡ್ಡಿ ತಂದ್ರೂ ಕೇಸು.

ನೆಕ್ಕರೆ ಜೊತೆಗೆ ಇನ್ನೇನಾದ್ರೂ ಬೇಕು ಅಂದ್ರೆ ಕೇಪಳ ಹಾಕಿ, ಕೆಂಪು ಗೊಂಚಲಿಂದು, ಅದಕ್ಕೂ ಸ್ವಲ್ಪ ಹುಳಿ ಮಣ್ಣೇ ಇಷ್ಟ, ಆದ್ರೆ ನೆಕ್ಕರೆಯಷ್ಟು ಹಠ ಇಲ್ಲ, ಅದೇ ಮಳೆನೀರು ಎರಡಕ್ಕೂ ಆಗುತ್ತೆ. ಬೆಳ್ಳಟ್ಟಿನೂ ಚೆನ್ನ, ಬಿಳಿ ಎಲೆ ಹಾಗೆ ಕಾಣೋದು ಅದರ ಹೂವಿನ ಒಂದು ಪುಷ್ಪಪತ್ರ (ಮೊಗ್ಗನ್ನ ಹೊರಗಿಂದ ಮುಚ್ಚೋ ಎಲೆಯಂಥ ಭಾಗ) ಅಗಲ ಆಗಿದ್ದು, ನಿಜವಾದ ಹೂವು ನಡುವೆ ಸಣ್ಣ ಕಿತ್ತಳೆ ನಕ್ಷತ್ರ. ಆದ್ರೆ ಅದು ಹಬ್ಬೋ ಸ್ವಭಾವದ್ದು, ಗೇಟ್ ಹತ್ರ ವರ್ಷಕ್ಕೊಮ್ಮೆ ಕತ್ತರಿ ಬೇಕು.

ಹಾರಂಗಿ ದಡ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ, "ಬೂದಿ ಬೇಡ ಅಂದ್ರೆ ಬೇಡ, ನನ್ನ ಗುಲಾಬಿ ಸುದ್ದಿಗೆ ಬರ್ಬೇಡಿ" ಅಂದ್ರು 😄 ಇವರು ಕೆಲಸದ ಜಾಗದಿಂದ ಒಂದು ಹಳೆ ಪ್ಲಾಸ್ಟಿಕ್ ಡ್ರಮ್ ತರ್ತಾರಂತೆ, ಆದ್ರೆ ಮೊದಲು ಅದರಲ್ಲಿ ಏನಿತ್ತು ಅಂತ ಕೇಳ್ಬೇಕು. ಕೆಂಪು ಮಣ್ಣು ಅಣ್ಣನ ಪಿಕಪ್ಪಲ್ಲಿ ಬರುತ್ತೆ. ಈಗಿರೋ ಎರಡು ಗಿಡನ ಈಗಲೇ ಕಿತ್ತು ಡ್ರಮ್ಮಿಗೆ ಹಾಕ್ಲಾ ಅಥವಾ ಮಳೆ ತನಕ ಕಾಯ್ಲಾ? ಹೂ ಬಿಟ್ಟ ಮೇಲೆ ಕತ್ತರಿಸ್ಬೇಕಾ?

ಹಳೇ ತೋಟಗಾರ:

ಡ್ರಮ್ಮಲ್ಲಿ ಆಸಿಡ್ಡು, ಕಳೆನಾಶಕ ಇತ್ತು ಅಂದ್ರೆ ಬೇಡವೇ ಬೇಡ. ಗಿಡನ ಮಳೆ ಶುರುವಾದ ಮೇಲೆ ಎತ್ತಿ, ಬಿಸಿಲಲ್ಲಿ ಎತ್ತಿದ್ರೆ ಇರೋ ನಾಲ್ಕು ಎಲೆನೂ ಉದುರುತ್ತೆ. ಅಲ್ಲಿ ತನಕ ಅನ್ನಭೇದಿ ಹದಿನೈದು ದಿನಕ್ಕೊಮ್ಮೆ, ಮತ್ತೆ ಕುಡಿಯೋಕೆ ಅಂತ ತರ್ಸೋ ಫಿಲ್ಟರ್ ನೀರು ಅಡುಗೆಮನೇಲಿ ಮಿಕ್ಕಿದ್ರೆ ಅದನ್ನ ಹಾಕಿ. ಎತ್ತುವಾಗ ಬೇರಿಗೆ ಅಂಟಿರೋ ಗಾರೆ ಮಣ್ಣು ಮೆಲ್ಲ ಉದುರಿಸಿ, ಮೂರನೇ ಒಂದು ಪಾಲು ಕೊಂಬೆ ಸವರಿ ನೆಡಿ, ಸವರಿದ ಕೊಂಬೆಲೇ ಕಡ್ಡಿನೂ ಆಯ್ತು. ಮುಂದಕ್ಕೆ ಕತ್ತರಿ ಪ್ರಯೋಗ ಹೂವಿನ ಜೋರು ಮುಗಿದ ಮೇಲೆ, ಹೂ ಬರೋದು ಹೊಸ ಚಿಗುರಿನ ತುದಿಲಿ, ಹಾಗಾಗಿ ಸವರಿದಷ್ಟು ಕವಲು, ಕವಲಷ್ಟು ಗೊಂಚಲು. ಒಂದಷ್ಟು ಗೊಂಚಲು ಹಣ್ಣಿಗೆ ಬಿಡಿ ಆದ್ರೆ.

ಪೆಪ್ಪರ್ ಬಳ್ಳಿ:

ಅಕ್ಕ ನಿಮ್ಮ ಅಣ್ಣನ ಪಿಕಪ್ ಮಡಿಕೇರಿ ಮೇಲೇ ಬರೋದಾದ್ರೆ ಹೇಳಿ, ನಾವು ಮುಂದಿನ ವಾರ ಬೇಲಿ ಸವರಿಸ್ತೀವಿ, ಬಿಳಿ ಹೂವಿನ ನೆಕ್ಕರೆ ಒಂದಿದೆ ಮೂಲೇಲಿ, ಅದನ್ನ ಕಡಿಯದೆ ಬಿಡೋಕೆ ಹೇಳ್ತೀನಿ. ಮಳೆ ಬಿದ್ಮೇಲೆ ಕಡ್ಡಿ ಕಳಿಸ್ಲಾ?

ಹಾರಂಗಿ ದಡ:

ಬಿಳಿದಾ!! ಕಳಿಸಿ ಕಳಿಸಿ, ಅಣ್ಣನ ನಂಬರ್ ಮೆಸೇಜ್ ಮಾಡ್ತೀನಿ.